ಮನೆಯವರ ಗಂಟು

2022ರಲ್ಲಿ ನಾನು ಒಂದು ಸಂಶೋಧನಾ ಸಂಸ್ಥೆಯ ಎಲೆಕ್ಟ್ರಾನ್ ಮೈಕ್ರೊಸ್ಕೋಪ್ ವಿಭಾಗದಲ್ಲಿ ತಾಂತ್ರಿಕ ಸಹಾಯಕಿಯಾಗಿದ್ದೆ. ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಗಿತ್ತು. ಓದಿದ್ದು ಚಿಕ್ಕೋಡಿಯಲ್ಲಿ ಬಿ.ಎಸ್ಸಿ., ಅದರ ಮೇಲೆ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾ. ಉಳಿದದ್ದೆಲ್ಲ ಕೆಲಸ ಮಾಡುತ್ತ ಕಲಿತದ್ದು. ಆ ವರ್ಷ ಜೂನ್ ತಿಂಗಳಿಂದ ನಾನು ಕೂತು ಕೆಲಸ ಮಾಡುತ್ತಿದ್ದದ್ದು ಸಂಸ್ಥೆಯ ಕಟ್ಟಡದಲ್ಲಿ ಅಲ್ಲ, ನಿಪ್ಪಾಣಿಯ ನಮ್ಮ ಮನೆಯ ಪಡಸಾಲೆಯಲ್ಲಿ. ನನ್ನ ಅಕ್ಕ ಮಾಲನ್‌ಗೆ ಕ್ಷಯರೋಗವಾಗಿತ್ತು. ಸಾಧಾರಣ ಕ್ಷಯವಲ್ಲ, ಮೊದಲ ಸಾಲಿನ ಔಷಧಗಳಿಗೆ ಬಗ್ಗದ ಜಾತಿಯದು. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು, ಅಪ್ಪನಿಗೆ ಎಪ್ಪತ್ತೊಂದು. ಚಿಕ್ಕೋಡಿಗೆ ಹೋಗಿ ಗುಳಿಗೆ ತರುವುದು, ಹೊತ್ತಿಗೆ ಸರಿಯಾಗಿ ನುಂಗಿಸುವುದು, ಮೀರಜಿಗೆ ಕರೆದುಕೊಂಡು ಹೋಗಿ ಎಕ್ಸ್-ರೇ ತೆಗೆಸುವುದು ನನ್ನ ಪಾಲಿಗೆ ಬಂದವು. ನನ್ನ ಮೇಲಧಿಕಾರಿ ಡಾ. ಮಗದುಮ್ ನಮ್ಮ ಕಡೆಯವರೇ, ಕಾಗವಾಡದ ದ್ರಾಕ್ಷಿ ತೋಟದ ಮನೆಯವರು. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಕಂಪ್ಯೂಟರ್ ಇಲ್ಲೇ ಇರ್ತೈತಿ, ನೀ ಅಲ್ಲೇ ಕೂಡು. ನೀ ಎಲ್ಲಿ ಕೂತೀ ಅನ್ನೂದು ನಕ್ಷೆಗೇನ ತಿಳಿಯಂಗಿಲ್ಲ," ಎಂದರು.

ನಕ್ಷೆ ಎಂದರೆ ಏನೆಂದು ಮೊದಲು ಹೇಳಬೇಕು. ಪ್ರೋಟೀನ್ ಎಂಬುದು ಜೀವಕೋಶದೊಳಗೆ ದುಡಿಯುವ ಅತಿ ಸಣ್ಣ ಯಂತ್ರ. ಅದನ್ನು ತೆಳುವಾದ ಮಂಜುಗಡ್ಡೆಯ ಪೊರೆಯಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್‌ಗಳಿಂದ ಫೋಟೊ ತೆಗೆಯುತ್ತಾರೆ. ಒಂದೊಂದು ಫೋಟೊ ಬಹಳ ಮಸುಕು, ಆಂಟೆನಾ ಅಲುಗಾಡಿದ ಹಳೇ ಟಿ.ವಿ.ಯ ಚುಕ್ಕಿಗಳಲ್ಲಿ ಮುಖ ಹುಡುಕಿದ ಹಾಗೆ. ಆದ್ದರಿಂದ ಲಕ್ಷಗಟ್ಟಲೆ ಫೋಟೊ ಕೂಡಿಸಿ ಸರಾಸರಿ ತೆಗೆಯುತ್ತೇವೆ. ಚುಕ್ಕಿಗಳ ಗದ್ದಲ ಒಂದನ್ನೊಂದು ಕಳೆದು, ಮೋಡದಂಥ ಒಂದು ಆಕಾರ ಉಳಿಯುತ್ತದೆ. ಅದೇ ನಕ್ಷೆ. ಆ ಮೋಡದೊಳಗೆ ಪರಮಾಣುಗಳ ಮಾದರಿಯನ್ನು ಕೂಡಿಸುವುದು ನನ್ನ ಕೆಲಸ. ಅಂಗಿಯೊಳಗೆ ಮೈ ತೂರಿಸಿದ ಹಾಗೆ, ತೋಳಿದ್ದಲ್ಲಿ ತೋಳು ಹೋಗಬೇಕು. ಎಷ್ಟು ಚೆನ್ನಾಗಿ ಕೂತಿತು ಎಂಬುದಕ್ಕೆ ಕೋರಿಲೇಶನ್ ಎಂಬ ಒಂದು ಅಂಕಿ ಇದೆ. ಒಂದಕ್ಕೆ ಹತ್ತಿರವಾದಷ್ಟೂ ಒಳ್ಳೆಯದು, ಸೊನ್ನೆಗೆ ಇಳಿದರೆ ಮಾದರಿಗೂ ಮೋಡಕ್ಕೂ ಸಂಬಂಧವಿಲ್ಲ.

ಇದರಲ್ಲಿ ಒಂದು ಅಪಾಯವಿದೆ. ಮಾದರಿಯನ್ನು ಅಷ್ಟಿಷ್ಟು ತಿರುಗಿಸುತ್ತ ಬಗ್ಗಿಸುತ್ತ ಹೋದರೆ ಅದು ಪ್ರೋಟೀನಿನ ಆಕಾರಕ್ಕಷ್ಟೇ ಅಲ್ಲ, ನಕ್ಷೆಯಲ್ಲಿ ಉಳಿದ ಗದ್ದಲಕ್ಕೂ ಹೊಂದಿಕೊಂಡುಬಿಡುತ್ತದೆ. ಅಂಕಿ ಏರಿತೆಂದು ಮಾದರಿ ಸರಿಯಾಯಿತು ಎಂದಲ್ಲ. ಇದನ್ನು ಹಿಡಿಯಲು, ಮೊದಲೇ ಫೋಟೊಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ ಎರಡು ಅರ್ಧ-ನಕ್ಷೆಗಳನ್ನು ಬೇರೆಯಾಗಿ ತಯಾರಿಸುತ್ತೇವೆ. ಒಂದು ಅರ್ಧದಲ್ಲಿ ಮಾದರಿ ಕೂಡಿಸಿ, ಆ ಮಾದರಿ ಎಂದೂ ನೋಡದ ಇನ್ನೊಂದು ಅರ್ಧದಲ್ಲಿ ಪರೀಕ್ಷಿಸುತ್ತೇವೆ. ನಿಜವಾದ ಆಕಾರ ಎರಡರಲ್ಲೂ ಇರುತ್ತದೆ. ಗದ್ದಲ ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಈ ಪಾಠ ಹೇಳುತ್ತಿದ್ದವಳು ನಾನೇ.

ಆ ವರ್ಷ ನಮ್ಮ ಗುಂಪಿನ ಮುಂದಿದ್ದದ್ದು ಕ್ಷಯದ ಬ್ಯಾಕ್ಟೀರಿಯದ ಒಂದು ಪ್ರೋಟೀನ್. ರಸಾಯನಶಾಸ್ತ್ರಜ್ಞರ ಒಂದು ತಂಡ ಹೊಸ ಸಂಯುಕ್ತವೊಂದನ್ನು ತಯಾರಿಸಿತ್ತು. ಗಾಜಿನ ತಟ್ಟೆಯಲ್ಲಿ ಅದು ಬ್ಯಾಕ್ಟೀರಿಯ ಬೆಳೆಯದಂತೆ ತಡೆಯುತ್ತಿತ್ತು, ಆದರೆ ಪ್ರೋಟೀನಿನ ಯಾವ ಜಾಗದಲ್ಲಿ ಹೋಗಿ ಕೂಡುತ್ತದೆ ಎಂದು ಗೊತ್ತಿರಲಿಲ್ಲ. ಜಾಗ ತಿಳಿದರೆ ಅದಕ್ಕೆ ತಕ್ಕಂತೆ ಔಷಧವನ್ನು ತಿದ್ದಬಹುದು. ಪ್ರೋಟೀನಿನಲ್ಲಿ ಒಂದು ಕುಳಿ ಇತ್ತು. ಅಲ್ಲೇ ಕೂಡುತ್ತದೆ ಎಂಬುದು ಎಲ್ಲರ ಊಹೆ. ಪಿಎಚ್.ಡಿ. ವಿದ್ಯಾರ್ಥಿನಿ ಫರ್ಹಾನಾ, ಕುಡಚಿಯವಳು, ಎರಡು ವರ್ಷ ಕಷ್ಟಪಟ್ಟು ಆ ಪ್ರೋಟೀನನ್ನು ಶುದ್ಧ ಮಾಡಿ ಸಂಯುಕ್ತದೊಡನೆ ಬೆರೆಸಿ ಹೆಪ್ಪುಗಟ್ಟಿಸಿದ್ದಳು. ಅವಳ ಫೆಲೋಶಿಪ್ ಮುಂದಿನ ಮಾರ್ಚ್‌ಗೆ ಮುಗಿಯುವುದಿತ್ತು.

ಅಕ್ಟೋಬರ್‌ನಲ್ಲಿ ಅಕ್ಕ ಎದ್ದು ಓಡಾಡುವಷ್ಟಿದ್ದಳು. ಬೆಳಗಿನ ಬಿಸಿಲಿಗೆ ಬಾಗಿಲಲ್ಲಿ ಕೂತು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ನನ್ನ ಪರದೆಯ ಮೇಲಿದ್ದ, ಔಷಧ ಬೆರೆಸದ ಪ್ರೋಟೀನಿನ ನಕ್ಷೆಯನ್ನು ನೋಡುತ್ತಿದ್ದಳು.

"ಏನ ಬೇ ಸುಮೀ ಇದು, ಹೂಕೋಸಿಗೆ ಹುಳಾ ಹತ್ತಿದಂಗ ಕಾಣ್ತೈತಿ?"

"ನಿನ್ನ ಎದ್ಯಾಗಿನ ಹುಳದ್ದ ಒಂದ ಭಾಗ ಅಕ್ಕಾ. ಇಲ್ಲಿ ತಗ್ಗ ಐತಿ ನೋಡು, ಇದರಾಗ ಒಂದ ಹೊಸ ಔಷಧ ಕೂಡ್ತೈತೇನ ಅಂತ ನೋಡೂದೈತಿ."

"ಕೂತ್ರ?"

"ಕೂತ್ರ ಹುಳಾ ಬೆಳ್ಯಾಂಗಿಲ್ಲ."

"ಮತ್ತ ನಾ ದಿನಾ ನುಂಗೂ ಗುಳಿಗಿ ಎಲ್ಲಿ ಕೂಡ್ತಾವ? ನಂಗಂತೂ ಹೊಟ್ಟ್ಯಾಗ ಪಂಗ್ತಿ ಹಾಕಿ ಕುಂತಾವ ಅನಸ್ತೈತಿ." ನಕ್ಕಳು, ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಹೇಳಿದಳು, "ಆ ಹೊಸಾದು ಕೂತದ್ದು ಕಂಡ ದಿನ ನಂಗೂ ತೋರ್ಸು. ಮರೀಬ್ಯಾಡ."

ತೋರಿಸುತ್ತೇನೆ ಎಂದೆ. ಅಕ್ಕ ಇಪ್ಪತ್ತು ವರ್ಷ ತಂಬಾಕಿನ ಗೋದಾಮಿನಲ್ಲಿ, ನಮ್ಮ ಕಡೆ ವಖಾರಿ ಎನ್ನುತ್ತಾರೆ, ಜರಡಿ ಹಿಡಿದವಳು. ನನ್ನ ಮೂರು ವರ್ಷದ ಕಾಲೇಜು ಆ ಜರಡಿಯಿಂದಲೇ ಆದದ್ದು.

ಡಿಸೆಂಬರ್ ಮೊದಲ ವಾರ ಅಕ್ಕ ತೀರಿಕೊಂಡಳು. ನಲವತ್ತನಾಲ್ಕು ವಯಸ್ಸು. ಬುದ್ಧವಂದನೆ ಹೇಳಿ ಮಣ್ಣು ಮಾಡಿ ಬಂದೆವು. ಹನ್ನೊಂದನೆಯ ದಿನ, ಶನಿವಾರ, ಸಂಸ್ಥೆಯಿಂದ ಮೇಲ್ ಬಂತು. ಫರ್ಹಾನಾಳ ನಕ್ಷೆ ತಯಾರಾಗಿತ್ತು. ಮಗದುಮ್ ಸರ್ ಫೋನ್ ಮಾಡಿ, "ನೀ ಗಡಿಬಿಡಿ ಮಾಡಬ್ಯಾಡ. ಬ್ಯಾರೆದವರಿಗೆ ಕೊಡ್ಲೇನು?" ಎಂದು ಕೇಳಿದರು. ನಾನು ಬೇಡ ಎಂದೆ. ಮನೆಯಲ್ಲಿ ಕೈಗೆ ಕೆಲಸವಿರಲಿಲ್ಲ. ಗುಳಿಗೆ ಕೊಡುವ ಹೊತ್ತುಗಳಿಗೆಲ್ಲ ಫೋನಿನಲ್ಲಿ ಅಲಾರಂ ಇಟ್ಟಿದ್ದೆ, ಅವು ಇನ್ನೂ ಹೊಡೆಯುತ್ತಿದ್ದವು.

ಆ ವಾರ ನಮ್ಮ ಓಣಿಯ ಇಂಟರ್ನೆಟ್ ಬಹಳ ನಿಧಾನವಿತ್ತು. ಪೂರ್ಣ ನಕ್ಷೆ ಒಂದು ಬೆಳಗಿನಲ್ಲಿ ಇಳಿಯಿತು. ಎರಡು ಅರ್ಧ-ನಕ್ಷೆಗಳು ನಡುವೆ ಸಿಕ್ಕಿಕೊಂಡವು. ನಿಯಮದ ಪ್ರಕಾರ ಅವು ಬರುವ ತನಕ ಕಾಯಬೇಕಿತ್ತು. ನಾನು ಕಾಯಲಿಲ್ಲ. ಪೂರ್ಣ ನಕ್ಷೆಯನ್ನೇ ತೆರೆದು ಕುಳಿಯ ಹತ್ತಿರ ಹೋದೆ.

ನಕ್ಷೆಯ ಸರಾಸರಿ ಸ್ಪಷ್ಟತೆ ಚೆನ್ನಾಗಿತ್ತು, 3.3 ಆಂಗ್‌ಸ್ಟ್ರಾಮ್. ಒಂದು ಮಿಲಿಮೀಟರಿನ ಕೋಟಿಯಲ್ಲೊಂದು ಭಾಗಕ್ಕೆ ಆಂಗ್‌ಸ್ಟ್ರಾಮ್ ಎನ್ನುತ್ತಾರೆ, ಅಂಕಿ ಸಣ್ಣದಾದಷ್ಟೂ ಚಿತ್ರ ಸ್ಪಷ್ಟ. ಆದರೆ ಕುಳಿಯೊಳಗೆ ಅಷ್ಟು ಸ್ಪಷ್ಟವಿರಲಿಲ್ಲ, ಮಂಜು ಮುಸುಕಿತ್ತು. ಮೋಡ ಎಷ್ಟು ದಟ್ಟವಿದ್ದರೆ ಪರದೆಯ ಮೇಲೆ ತೋರಿಸಬೇಕು ಎಂಬುದಕ್ಕೆ ನಾವು ಒಂದು ಮಿತಿ ಇಡುತ್ತೇವೆ. ಎಂದಿನ ಮಿತಿಯಲ್ಲಿ ಕುಳಿ ಖಾಲಿ ಕಂಡಿತು. ಮಿತಿಯನ್ನು ಸ್ವಲ್ಪ ಇಳಿಸಿದೆ. ಮತ್ತೂ ಇಳಿಸಿದೆ. ಒಂದು ಉದ್ದನೆಯ ಮೋಡ ಮೂಡಿತು, ತುದಿಗೆ ಒಂದು ಗಂಟು. ಸಂಯುಕ್ತದ ಆಕಾರವೂ ಹೆಚ್ಚುಕಡಿಮೆ ಹಾಗೆಯೇ. ಕೂಡಿಸಿದೆ. ಅಂಕಿ 0.74 ಬಂತು. ಭಾನುವಾರ ಅರ್ಧ-ನಕ್ಷೆಗಳು ಇಳಿದ ಮೇಲೆ ಅದೇ ಮಾದರಿಯನ್ನು ಎರಡರಲ್ಲೂ ಇಟ್ಟು ನೋಡಿದೆ: 0.71, 0.70. ಎರಡೂ ಒಪ್ಪಿದವು ಎಂದು ಬರೆದುಕೊಂಡೆ. ಪೂರ್ಣ ನಕ್ಷೆ ಆ ಎರಡು ಅರ್ಧಗಳಿಂದಲೇ ಆದದ್ದು, ಎರಡರ ಗದ್ದಲವನ್ನೂ ನನ್ನ ಮಾದರಿ ಮೊದಲೇ ನೋಡಿಬಿಟ್ಟಿತ್ತು ಎಂಬುದು ನನ್ನ ತಲೆಗೆ ಬರಲಿಲ್ಲ. ಬರಲಿಲ್ಲ ಎಂದರೆ ಪೂರ್ತಿ ಖರೆಯಲ್ಲ. ಬಂದಿತ್ತು, ನಾನು ಅದನ್ನು ಅಲ್ಲಿ ಕೂಡಲು ಬಿಡಲಿಲ್ಲ.

ಸೋಮವಾರ ವರದಿ ಕಳಿಸಿದೆ. ಫರ್ಹಾನಾ ಕೂಡಲೇ ಫೋನ್ ಮಾಡಿದಳು. ಶುಕ್ರವಾರ ಅವಳು ಪರೀಕ್ಷಕರ ಮುಂದೆ ಥೀಸಿಸ್ಸಿನ ಸೆಮಿನಾರ್ ಕೊಡಬೇಕಿತ್ತು.

"ದೀದಿ, ಅಮ್ಮಿಗೆ ಹೇಳ್ದೆ. ಏನ ಕಂಡೈತಿ ಅನ್ನೂದು ಅಕಿಗೆ ತಿಳೀಲಿಲ್ಲ, ಆದ್ರ ಕುಡಚಿ ಸ್ಟೇಷನ್ ತನಕ ಪೇಢೆ ಹಂಚಿ ಬಂದಾಳ್ರಿ."

ಅಕ್ಕನ ಫೋಟೊದ ಮುಂದೆ ನಿಂತು ನಾನೂ ಹೇಳಿದೆ. ಪರದೆಯನ್ನು ಅತ್ತ ತಿರುಗಿಸಿಯೂ ಇಟ್ಟೆ.

ಮಂಗಳವಾರ ಮಧ್ಯಾಹ್ನದ ಮಾತು ಹೇಳುವ ಮೊದಲು ಅಪ್ಪನ ಕೆಲಸದ ಬಗ್ಗೆ ಹೇಳಬೇಕು. ಅಕ್ಕ ದುಡಿಯುತ್ತಿದ್ದ ವಖಾರಿಯಲ್ಲೇ ಅಪ್ಪ ಪಾರಖಿಯಾಗಿದ್ದ, ಎಂದರೆ ತಂಬಾಕನ್ನು ಮೂಸಿ, ಅಂಗೈಯಲ್ಲಿ ತಿಕ್ಕಿ, ಗುಣ ಹೇಳುವವ. ಹೆಣ್ಣಾಳುಗಳು ಜರಡಿ ಹಿಡಿದು ಕಡ್ಡಿ ಕಸ ತೆಗೆದ ತಂಬಾಕನ್ನು ಗಂಟು ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ ಇಡುತ್ತಿದ್ದರು. ಪಾರಖಿ ಒಂದೊಂದು ಗಂಟು ಬಿಚ್ಚಿ ನೋಡಿ ಚೀಟಿಯ ಮೇಲೆ 'ಪಾಸ್' ಅಥವಾ 'ವಾಪಸ್' ಎಂದು ಬರೆಯಬೇಕು. ವಾಪಸ್ ಬಂದ ಗಂಟನ್ನು ಮತ್ತೆ ಜರಡಿ ಹಿಡಿಯಬೇಕು. ಆ ವಖಾರಿಯಲ್ಲಿ ಒಂದು ರೂಢಿ ಇತ್ತು: ಪಾರಖಿ ತನ್ನ ಮನೆಯವರ ಗಂಟನ್ನು ಮುಟ್ಟುವುದಿಲ್ಲ. ಅಕ್ಕನ ಗಂಟನ್ನು ಯಾವಾಗಲೂ ಗಫೂರ್ ಚಾಚಾ ಎಂಬ ಇನ್ನೊಬ್ಬ ಪಾರಖಿಯೇ ನೋಡುತ್ತಿದ್ದರು. ಒಮ್ಮೆ ಚಾಚಾ ಮದುವೆಗೆ ಹೋಗಿ ಎರಡು ದಿನ ಬರಲಿಲ್ಲ. ಎರಡು ದಿನವೂ ಅಕ್ಕನ ಗಂಟು ಹಾಗೇ ಬಿದ್ದಿತ್ತು. "ನಮ್ಮಪ್ಪಗ ಊರ ಮಂದಿ ತಂಬಾಕಿನ ವಾಸನಿ ತಿಳೀತೈತಿ, ಮಗಳದೊಂದ ತಿಳಿಯಂಗಿಲ್ಲ," ಎಂದು ಅಕ್ಕ ಎಲ್ಲರೆದುರು ಕುಟುಕಿದ್ದಳಂತೆ. ಅಪ್ಪ ಮುಟ್ಟಲಿಲ್ಲ.

ಮಂಗಳವಾರ ಅಪ್ಪ ಅಕ್ಕನ ತಗಡಿನ ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಒಳಗೆ ಆಧಾರ್ ಕಾರ್ಡು, ನನ್ನ ಬಿ.ಎಸ್ಸಿ. ಅಂಕಪಟ್ಟಿಯ ಜೆರಾಕ್ಸ್, ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ವಖಾರಿ ಚೀಟಿ. ಎಲ್ಲದರ ಮೇಲೂ ಗಫೂರ್ ಚಾಚಾರ ಅಕ್ಷರ. ಮೊದಲ ವಾರದವೆಲ್ಲ 'ವಾಪಸ್'. ಅಪ್ಪ ಅವನ್ನು ಒಂದೊಂದೇ ಓದಿ ಕೆಳಗಿಡುತ್ತಿದ್ದ. ನಾನು ಏನಾದರೂ ಮಾತಾಡಬೇಕೆಂದು, ಕೆಲಸ ಮುಗಿಯಿತು, ಔಷಧ ಕೂತದ್ದು ಕಂಡಿತು ಎಂದೆ.

"ಛಲೋ ಆತು. ಯಾರ ನೋಡಿ ಪಾಸ್ ಮಾಡಿದ್ರು?"

"ನಾನ ನೋಡಿದ್ನೆಪಾ."

"ಕೂಡ್ಸಿದವರು?"

"ನಾನ."

ಅಪ್ಪ ಚೀಟಿ ಕೆಳಗಿಟ್ಟು ನನ್ನ ಕಡೆ ನೋಡಿದ. "ಗಂಟ ಯಾರದು?"

"ಫರ್ಹಾನಾಂದು. ಕುಡಚಿ ಹುಡುಗಿ, ಹೇಳಿದ್ನೆಲ್ಲಾ."

"ಫರ್ಹಾನಾಂದಲ್ಲವ್ವಾ," ಅಂದ. "ಮಾಲೂಂದು."

ಚೀಟಿಗಳನ್ನು ಮೊದಲಿದ್ದ ಹಾಗೇ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ. ನಾನು ಒಳಗೆ ಹೋಗಿ ಚಹಾ ಮಾಡಿದೆ. ಕುಡಿದು ಕಂಪ್ಯೂಟರ್ ಮುಂದೆ ಕೂತೆ.

ಮೊದಲಿನ ಮಾದರಿಯನ್ನು ಅಳಿಸಿದೆ. ಸಂಯುಕ್ತವನ್ನು ಕುಳಿಯ ಹೊರಗಿಟ್ಟು, ಒಂದನೆಯ ಅರ್ಧ-ನಕ್ಷೆಯಲ್ಲಿ ಮಾತ್ರ ಹೊಸದಾಗಿ ಕೂಡಿಸಿದೆ. 0.64 ಬಂತು. ಅದನ್ನು ಎರಡನೆಯ ಅರ್ಧದಲ್ಲಿ ಇಟ್ಟೆ. 0.41. ಆಮೇಲೆ ಇನ್ನೊಂದು ಪರೀಕ್ಷೆ ಮಾಡಿದೆ. ಅದೇ ಸಂಯುಕ್ತವನ್ನು ಅದೇ ಕುಳಿಯಲ್ಲಿ ಇನ್ನೂರು ಬೇರೆ ಬೇರೆ ದಿಕ್ಕಿಗೆ, ತಲೆಕೆಳಗೂ ಅಡ್ಡಡ್ಡವೂ ಇಟ್ಟು, ಪ್ರತಿಯೊಂದನ್ನೂ ಕಂಪ್ಯೂಟರ್ ಕೂಡಿಸುವ ಹಾಗೆ ಬಿಟ್ಟೆ. ಔಷಧ ನಿಜವಾಗಿ ಅಲ್ಲಿದ್ದರೆ ಒಂದು ದಿಕ್ಕಿನ ಅಂಕಿ ಉಳಿದವುಗಳಿಂದ ದೂರ ನಿಲ್ಲಬೇಕು. ಇಲ್ಲಿ ಇನ್ನೂರೂ ಒಂದೇ ಗುಂಪಿನಲ್ಲಿ ಬಂದವು. ನಾನು ಕೂಡಿಸಿದ್ದು ಮೂವತ್ತೇಳನೆಯದಾಗಿತ್ತು. ಅದಕ್ಕಿಂತ ಮೇಲೆ ಬಂದ ಕೆಲವು ತಲೆಕೆಳಗಾದವು.

ಬುಧವಾರ ಬೆಳಿಗ್ಗೆ ಮಗದುಮ್ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ಣ ನಕ್ಷೆಯಲ್ಲಿ ಕೂಡಿಸಿದ್ದು, ಮಿತಿ ಇಳಿಸಿದ್ದು, ಯಾಕೆ ಎಂಬುದು.

"ನಿನ್ನ ವರದಿ ಓದಿ ನಾನೂ ಖುಷಿ ಪಟ್ಟೀನಿ. ಹಂಗಾರ ಖುಷಿ ಪಟ್ಟವರು ಯಾರೂ ಇನ್ನ ಈ ನಕ್ಷೆ ಮುಟ್ಟೂದು ಬ್ಯಾಡ," ಎಂದರು.

ಸಂಸ್ಥೆಯ ಬೇರೆ ಗುಂಪಿನಲ್ಲಿ ಥಾಮಸ್ ಎಂಬ ತಾಂತ್ರಿಕ ಸಹಾಯಕನಿದ್ದ. ಫರ್ಹಾನಾ ಹಿಂದೆ ಔಷಧವನ್ನೇ ಬೆರೆಸದೆ ಒಂದು ನಕ್ಷೆ ಮಾಡಿಸಿದ್ದಳು, ಹೋಲಿಸಿ ನೋಡಲು. ಸರ್ ಎರಡೂ ನಕ್ಷೆಗಳ ಹೆಸರು ತೆಗೆದು ಒಂದಕ್ಕೆ ಎ, ಇನ್ನೊಂದಕ್ಕೆ ಬಿ ಎಂದು ಬರೆದು ಥಾಮಸ್‌ಗೆ ಕೊಟ್ಟರು. ಯಾವ ರೋಗ, ಯಾವ ಔಷಧ ಎಂದು ಹೇಳಲಿಲ್ಲ. ಯಾವುದರ ಕುಳಿಯಲ್ಲಿ ಏನಾದರೂ ಕೂತಿದೆ, ಅಷ್ಟೇ ಪ್ರಶ್ನೆ.

ಗುರುವಾರ ಮಧ್ಯಾಹ್ನ ಅವನ ಉತ್ತರ ಬಂತು, ಎರಡು ಸಾಲು. ಮಿತಿ ಬಹಳ ಇಳಿಸಿದರೆ ಎರಡರಲ್ಲೂ ಒಂದು ಮಂಜು ಕಾಣುತ್ತದೆ. ಯಾವುದರಲ್ಲಿ ಏನಾದರೂ ಕೂತಿದೆ ಎಂದು ತನಗೆ ಹೇಳಲಾಗದು. ಔಷಧವಿಲ್ಲದ ನಕ್ಷೆಯನ್ನು ನಾನೂ ಹಿಂದೆ ನೋಡಿದ್ದೆ. ಆದರೆ ಎಂದಿನ ಮಿತಿಯಲ್ಲಿ. ಅಷ್ಟು ಕೆಳಗೆ ಇಳಿಸಿ ನೋಡುವ ಆಸೆ ಅಲ್ಲಿ ನನಗೆ ಇರಲಿಲ್ಲ.

ಫರ್ಹಾನಾಗೆ ನಾನೇ ಹೇಳುತ್ತೇನೆ ಎಂದು ಸರ್‌ಗೆ ಹೇಳಿದ್ದೆ. ಹೇಳಿದೆ. ಅವಳು ಸ್ಲೈಡುಗಳನ್ನೆಲ್ಲ ಮುಗಿಸಿ ಇಟ್ಟಿದ್ದಳು.

"ಸೋಮವಾರ ಐತಿ ಅಂದ್ರಿ. ಗುರುವಾರ ಇಲ್ಲ ಅಂತೀರಿ. ನಡುವ ಏನಾತ್ರಿ ದೀದಿ?"

"ಗಂಟ ಯಾರದು ಅಂತ ನಮ್ಮಪ್ಪ ಕೇಳಿದ."

"ಏನ ಗಂಟ್ರಿ?"

ವಖಾರಿಯ ರೂಢಿ ಹೇಳಿದೆ. ಅಕ್ಕನಿಗೆ ತೋರಿಸುತ್ತೇನೆ ಎಂದಿದ್ದನ್ನೂ ಹೇಳಿದೆ. ಅವಳಿಗೆ ಅಕ್ಕ ಹೋದದ್ದು ಗೊತ್ತಿತ್ತು, ಈ ಮಾತು ಗೊತ್ತಿರಲಿಲ್ಲ.

"ನಂಗ ನಿಮ್ಮ ಮ್ಯಾಲ ಸಿಟ್ಟ ಐತ್ರಿ. ಹೋಗೂದಿಲ್ಲ ಇಷ್ಟ ಲಗೂ. ಹಂಚಿದ ಪೇಢೆ ಅಮ್ಮಿಗೆ ವಾಪಸ್ ಕೇಳಾಕ ಬರಾಂಗಿಲ್ಲ ಈಗ." ಆಮೇಲೆ ಕೇಳಿದಳು, "ಆ ಇನ್ನೂರ ಅಂಕಿದು ಚಿತ್ರ ಐತೇನ್ರಿ? ಕಳಸ್ರಿ. ನಾಳೆ ಅದನ್ನ ತೋರಸ್ತೀನಿ."

ಶುಕ್ರವಾರದ ಸೆಮಿನಾರನ್ನು ನಾನು ಮನೆಯಿಂದ ವಿಡಿಯೊದಲ್ಲಿ ನೋಡಿದೆ. ಈ ಸ್ಥಿತಿಯಲ್ಲಿ ಸಂಯುಕ್ತ ಕುಳಿಯಲ್ಲಿ ಕಂಡುಬಂದಿಲ್ಲ ಎಂದು ಫರ್ಹಾನಾ ಮೊದಲ ಸ್ಲೈಡಿನಲ್ಲೇ ಹೇಳಿದಳು. ಪರೀಕ್ಷಕರೊಬ್ಬರು, ಎರಡು ವರ್ಷದ ಮೇಲೆ ಇದೇ ಉತ್ತರವೇ ಎಂದು ಕೇಳಿದರು. ಹೌದು ಎಂದಳು. ಅವರಿಗೆ ತೃಪ್ತಿಯಾಗಲಿಲ್ಲ. ಔಷಧ ಬೆರೆಸಿದ ಪ್ರೋಟೀನನ್ನು ಹೊಸದಾಗಿ ಹೆಪ್ಪುಗಟ್ಟಿಸಿ ಇನ್ನೊಮ್ಮೆ ನೋಡಬೇಕು ಎಂದು ಬರೆದರು. ಮಾರ್ಚ್‌ನಲ್ಲಿ ಫೆಲೋಶಿಪ್ ಮುಗಿಯಿತು. ಮಗದುಮ್ ಸರ್ ಅವಳನ್ನು ಬೇರೊಂದು ಪ್ರಾಜೆಕ್ಟಿನಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡರು. ನನ್ನ ತಪ್ಪಿನಿಂದ ನಕ್ಷೆ ಕೆಟ್ಟಿರಲಿಲ್ಲ, ಅದು ಹಾಗೇ ಇತ್ತು. ಆದರೆ ಮೂರು ದಿನ ಒಬ್ಬ ಹುಡುಗಿ ತನ್ನ ಕೆಲಸ ಮುಗಿಯಿತೆಂದು ನಂಬಿದ್ದಳು. ಅದು ನನ್ನ ಲೆಕ್ಕಕ್ಕೇ ಬರುತ್ತದೆ.

ಮುಂದಿನ ಆಗಸ್ಟ್‌ನಲ್ಲಿ ಹೊಸ ನಕ್ಷೆ ಬಂತು. ಸ್ಪಷ್ಟತೆ 2.7. ಅದನ್ನು ನಾನು ತೆರೆಯಲಿಲ್ಲ. ಥಾಮಸ್ ಕೂಡಿಸಿದ, ಇನ್ನೊಬ್ಬರು ಪರೀಕ್ಷಿಸಿದರು. ಮುಗಿದ ಮೇಲೆ ನನಗೆ ತೋರಿಸಿದರು. ನಾನು ಔಷಧ ಎಂದುಕೊಂಡಿದ್ದು ಪ್ರೋಟೀನಿನದೇ ಒಂದು ಸಡಿಲ ತುದಿ. ಕುಳಿಯ ಬಾಯಲ್ಲಿ ಅತ್ತಿತ್ತ ತೂಗಾಡುತ್ತಿತ್ತು, ಅದಕ್ಕೇ ಮಂಜಾಗಿ ಕಂಡಿತ್ತು. ಕುಳಿಯೊಳಗೆ ನೀರಿನ ನಾಲ್ಕು ಅಣು ಬಿಟ್ಟರೆ ಏನೂ ಇರಲಿಲ್ಲ. ಸಂಯುಕ್ತ ಬೇರೆಲ್ಲೋ ಕೆಲಸ ಮಾಡುತ್ತಿರಬೇಕು ಎಂದು ರಸಾಯನಶಾಸ್ತ್ರಜ್ಞರು ಇನ್ನೊಂದು ಪ್ರೋಟೀನಿನ ಕಡೆ ಹೋದರು. ಸೋಮವಾರದ ವರದಿ ಹಾಗೇ ನಿಂತಿದ್ದರೆ ಈ ಕುಳಿಗೆ ಹೊಂದುವ ಔಷಧ ತಿದ್ದುತ್ತ ಅವರು ಇನ್ನೂ ಇಲ್ಲೇ ಇರುತ್ತಿದ್ದರು. ಫರ್ಹಾನಾ ಇದನ್ನೇ ಒಂದು ಅಧ್ಯಾಯವಾಗಿ ಬರೆದಳು, ಡಿಗ್ರಿ ಬಂತು. ಈ ಸಲ ಪೇಢೆಯ ಒಂದು ಡಬ್ಬಿ ನಿಪ್ಪಾಣಿಗೂ ಬಂತು.

ನಾನು ಈಗ ಸಂಸ್ಥೆಗೆ ಮರಳಿದ್ದೇನೆ. ಹೊಸ ನಕ್ಷೆ ಬಂದಾಗ ತುಂಬುವ ಹಾಳೆಯಲ್ಲಿ ನಾವು ಒಂದು ಸಾಲು ಸೇರಿಸಿದ್ದೇವೆ: ಈ ಫಲಿತಾಂಶಕ್ಕಾಗಿ ಕಾಯುತ್ತಿರುವವರು ಯಾರು? ಅಲ್ಲಿ ಹೆಸರಿದ್ದವರು ಪರೀಕ್ಷೆ ಮಾಡುವುದಿಲ್ಲ. ಅರ್ಧ-ನಕ್ಷೆ, ಇನ್ನೂರು ದಿಕ್ಕು, ಹೆಸರಿಲ್ಲದ ಎ ಮತ್ತು ಬಿ, ಇವೆಲ್ಲ ನಮ್ಮ ಕಣ್ಣಿನ ಆಸೆಯನ್ನು ಲೆಕ್ಕದಿಂದ ಹೊರಗಿಡುವ ಉಪಾಯಗಳು. ಅವನ್ನು ವರ್ಷಗಟ್ಟಲೆ ಕಲಿಸಿದ್ದೆ, ಯಾಕೆ ಬೇಕೆಂಬುದು ಆ ವಾರ ತಿಳಿಯಿತು. ದುಃಖದಲ್ಲಿರುವವರು ಕೆಲಸ ಮಾಡಬಾರದೆಂದು ನಾನು ಹೇಳುವುದಿಲ್ಲ, ಕೆಲಸವೇ ನನ್ನನ್ನು ಆಗ ಎತ್ತಿ ಕೂರಿಸಿದ್ದು. ತಾವು ಕಟ್ಟಿದ್ದನ್ನು ತಾವೇ ಪಾಸ್ ಮಾಡಬಾರದು, ಅಷ್ಟೇ.

ಆಗಸ್ಟ್‌ನ ನಕ್ಷೆಯಲ್ಲಿನ ಆ ಕುಳಿಯ ಒಂದು ಚಿತ್ರವನ್ನು ಮುದ್ರಿಸಿ ಊರಿಗೆ ಒಯ್ದಿದ್ದೆ. ಅಪ್ಪ ಕನ್ನಡಕ ಏರಿಸಿ, ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

"ಇಲ್ಲೇನೂ ಇಲ್ಲಲ್ಲವ್ವಾ."

"ಇಲ್ಲಪಾ."

"ಬ್ಯಾರೆದವರು ನೋಡ್ಯಾರ?"

"ಇಬ್ಬರು ನೋಡ್ಯಾರ."

"ಹಂಗಾರ ಇಡು," ಎಂದು ಅಪ್ಪ ಅಕ್ಕನ ಡಬ್ಬಿ ತೆರೆದು ನನ್ನ ಮುಂದೆ ಹಿಡಿದ.